ಕುದುರೆ ಹೊತ್ತ ಹಟ್ಟಿ

ಹಿಂಗಾರಿಯ ಕಡಲೆ ಕಿತ್ತು, ಬಿಳಿಜೋಳದ ರಾಶಿ ಮುಗಿಯಿತೆಂದರೆ ಗದಗ ಸೀಮೆಯ ಎರೆಹೊಲಗಳು ಬಟ್ಟಬಯಲಾಗುತ್ತವೆ. ಹಿರೇಹಂದಿಗೋಳದ ಊರ ಹೊರಗೆ ನಿಂತರೆ ಕಣ್ಣಿಗೆ ಅಡ್ಡ ಬರುವಂಥದ್ದು ಹೆಚ್ಚೇನಿಲ್ಲ. ಬದುವಿನ ಮೇಲೊಂದು ಬೇವಿನಮರ, ಅಲ್ಲಲ್ಲಿ ಜಾಲಿ, ಒಟ್ಟಿದ ಕಣಿಕೆಯ ಬಣವೆ. ಹೊತ್ತು ಇಳಿಯುವ ವೇಳೆಗೆ ಈ ಬಯಲಿನ ಅಂಚಿನಿಂದ ಕುದುರೆಗಳು ಸಾಲುಗಟ್ಟಿ ಬಂದರೆ ಊರಿನವರು ಯಾರೂ ಬೆರಗಾಗುವುದಿಲ್ಲ. ಕುಳ್ಳ ಕುದುರೆಗಳು, ಬೆನ್ನ ಮೇಲೆ ಇಡೀ ಸಂಸಾರ. ಒಂದರ ಮೇಲೆ ಕುರಿ ಕೂಡಿಹಾಕಲು ಸುರುಳಿ ಸುತ್ತಿದ ಬಲೆ, ಇನ್ನೊಂದರ ಮೇಲೆ ಬುಟ್ಟಿಯೊಳಗೆ ಕೋಳಿ, ಮತ್ತೊಂದರ ಮೇಲೆ ಗೋಣಿಚೀಲದಿಂದ ತಲೆ ಹೊರಗೆ ಹಾಕಿದ ಎಳೆಯ ಕುರಿಮರಿಗಳು, ಅವುಗಳ ಪಕ್ಕದಲ್ಲಿ ನಿರಾಳವಾಗಿ ಕುಳಿತ ಕೂಸು. ಹಗ್ಗ ಹಿಡಿದು ಮುಂದೆ ನಡೆಯುವವರು ಹೆಂಗಸರು. ‘ಕುರಿಯವರು ಬಂದ್ರು’ ಎಂಬ ಸುದ್ದಿ ಊರಿಗೆ ಮುಟ್ಟುವುದರೊಳಗೆ ಒಬ್ಬಿಬ್ಬರು ರೈತರು ಬೈಕ್ ಏರಿ ಅವರನ್ನು ಹುಡುಕಿಕೊಂಡು ಹೊರಟಿರುತ್ತಾರೆ.

ಹೀಗೆ ಬರುವವರು ಬೆಳಗಾವಿ, ಬಾಗಲಕೋಟೆ ಕಡೆಯ ಹಾಲುಮತದ ಕುರಿಗಾಹಿಗಳು. ಗದಗ, ಕೊಪ್ಪಳದ ಹಳ್ಳಿಗಳಿಂದ ಹೊರಟವರೂ ಉಂಟು. ವರ್ಷದ ಬಹುಪಾಲು ತಿಂಗಳು ಇವರ ಮನೆ ಇರುವುದು ಕುದುರೆಯ ಬೆನ್ನ ಮೇಲೆ. ಸಂಜೆ ಇಳಿಸಿದಲ್ಲಿ ಹಟ್ಟಿ, ಬೆಳಿಗ್ಗೆ ಹೇರಿದರೆ ದಾರಿ.

ಕುದುರೆ ಕಟ್ಟಿಕೊಂಡು ಹುಲ್ಲುಬಯಲಿಗೆ ಹೋಗಿ ಗುಡಾರ ಹಾಕುವುದು ಜಗತ್ತಿನ ಬೇರೆ ಕಡೆಗಳಲ್ಲಿ ರಜೆಯ ಸುಖ. ಅಮೆರಿಕದ ನಡುನಾಡಿನ ಹುಲ್ಲುಗಾವಲುಗಳಲ್ಲಿ ಇದಕ್ಕೆಂದೇ ತಾಣಗಳಿವೆ. ದಕ್ಷಿಣ ಡಕೋಟಾದ ಕಸ್ಟರ್ ಸ್ಟೇಟ್ ಪಾರ್ಕ್‌ನಲ್ಲಿ ಫ್ರೆಂಚ್ ಕ್ರೀಕ್ ಎಂಬ ಕುದುರೆ ಶಿಬಿರವಿದೆ. ಉತ್ತರ ಡಕೋಟಾದ ಥಿಯೋಡೋರ್ ರೂಸ್‌ವೆಲ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಕುದುರೆಯವರ ಗುಂಪುಗಳಿಗಾಗಿಯೇ ಬಿಡಾರದ ಜಾಗವಿದೆ. ಮೊದಲೇ ಕಾದಿರಿಸಬೇಕು, ಬಾಡಿಗೆ ಕೊಡಬೇಕು. ಕುದುರೆಗೆ ತರುವ ಒಣಹುಲ್ಲಿನಲ್ಲಿ ಕಳೆಯ ಬೀಜ ಇಲ್ಲವೆಂಬ ಪ್ರಮಾಣಪತ್ರ ಬೇಕೆನ್ನುವ ಕಡೆಗಳೂ ಇವೆ. ಹೊರಡುವಾಗ ಲದ್ದಿಯನ್ನು ಬಾಚಿ ಜಾಗ ಚೊಕ್ಕ ಮಾಡುವುದು ಇಂಥ ತಾಣಗಳ ಸಾಮಾನ್ಯ ನಿಯಮ. ಹಿರೇಹಂದಿಗೋಳದ ಹೊಲದಲ್ಲಿ ಲೆಕ್ಕವೆಲ್ಲ ತಿರುವುಮುರುವು. ಇಲ್ಲಿ ಬಿಡಾರ ಹಾಕಿದವರಿಗೆ ಹೊಲದ ಒಡೆಯನೇ ಹಣ ಕೊಡುತ್ತಾನೆ. ಕೊಡುವುದು ಅವರು ಬಿಟ್ಟುಹೋಗುವ ಗೊಬ್ಬರಕ್ಕೆ.

ಬೈಕ್ ಏರಿ ಬಂದ ರೈತನ ಮಾತು ಸಾಮಾನ್ಯವಾಗಿ ಕುರಿಯ ಎಣಿಕೆಯಿಂದಲೇ ಶುರುವಾಗುತ್ತದೆ.

“ಎಷ್ಟು ಅದಾವ್ರಿ ಕುರಿ?”

“ನಾಕು ನೂರರ ಮ್ಯಾಲ ಆಗತಾವ್ರಿ ಗೌಡ್ರ.”

“ಐದು ರಾತ್ರಿ ನಮ್ಮ ಹೊಲದಾಗ ನಿಲ್ಲಸ್ರಿ. ಜ್ವಾಳ ಕೊಡತೀನಿ, ಮಿಕ್ಕಿದ್ದು ರೊಕ್ಕ.”

“ಐದು ಆಗೂದಿಲ್ರಿ. ಮೂರು ರಾತ್ರಿ ಹಾಕತೀವಿ. ಅದಕ್ಕಿಂತ ಹೆಚ್ಚಿಗೆ ನಿಂತ್ರ ಸುತ್ತ ಮೇವು ಸಾಲೂದಿಲ್ಲ.”

ಅಷ್ಟರಲ್ಲಿ ಹೇರು ಇಳಿಸುತ್ತಿದ್ದ ಮುದುಕಿ ತಿರುಗಿಯೂ ನೋಡದೆ ಮಗನಿಗೆ ಹೇಳುತ್ತಾಳೆ: “ಕುದರಿಗೆ ನೀರು ಎಲ್ಲೈತಿ, ಅದನ್ನ ಮೊದಲ ಕೇಳೋ ಯಪ್ಪಾ.”

ಅವಳ ಮಾತಿನಲ್ಲಿ ತೂಕವಿದೆ. ಕುರಿಗೆ ದಿನಕ್ಕೆ ಕೆಲವೇ ಲೀಟರ್ ನೀರು ಸಾಕು. ಒಂದು ಕುದುರೆಗೆ ಬೇಸಿಗೆಯಲ್ಲಿ ಮೂವತ್ತು ಲೀಟರ್ ಕುಡಿಸಿದರೂ ಹೆಚ್ಚಲ್ಲ. ನೀರಿನ ಮಾತು ಇತ್ಯರ್ಥವಾಗದೆ ಹಟ್ಟಿಯ ಮಾತು ಮುಗಿಯುವುದಿಲ್ಲ. ರೈತ ತನ್ನ ಕೊಳವೆಬಾವಿಯ ತೊಟ್ಟಿಯನ್ನೋ ಕೃಷಿ ಹೊಂಡವನ್ನೋ ತೋರಿಸುತ್ತಾನೆ. ಹೊಂಡವೆಂದರೆ ಮುದುಕಿ ಒಪ್ಪುವುದು ಅನುಮಾನ. ಪ್ಲಾಸ್ಟಿಕ್ ಹಾಸಿದ ಹೊಂಡದ ದಂಡೆಯಲ್ಲಿ ಕಾಲು ಜಾರಿದ ಕುರಿ ಮತ್ತೆ ಮೇಲೆ ಬರಲಾರದು.

ಎರೆಭೂಮಿಗೂ ಕುರಿಹಟ್ಟಿಗೂ ಇರುವ ನಂಟು ರೈತರಿಗೆ ಗೊತ್ತಿರುವಷ್ಟು ಪೇಟೆಯವರಿಗೆ ಗೊತ್ತಿಲ್ಲ. ಗದಗದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಮಳೆಯಿಲ್ಲದ ತಿಂಗಳು ಎರೆಮಣ್ಣು ಒಣಗುತ್ತ ಒಣಗುತ್ತ ಬಿರಿಯುತ್ತದೆ. ಬೇಸಿಗೆಯ ಬಿರುಕಿನೊಳಗೆ ಮೊಳಕೈವರೆಗೆ ಕೈ ಇಳಿಯುವುದುಂಟು. ರಾತ್ರಿಯಿಡೀ ಬಲೆಯೊಳಗೆ ಮಲಗಿದ ಕುರಿಗಳ ಹಿಕ್ಕೆ ಈ ಬಿರುಕುಗಳಿಗೆ ಉದುರುತ್ತದೆ, ಗಂಜಲ ನೇರ ಮಣ್ಣಿಗೇ ಇಂಗುತ್ತದೆ. ಕೊಟ್ಟಿಗೆಯಿಂದ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ ಸಾಗಿಸುವ ಗೊಬ್ಬರದಲ್ಲಿ ದಾರಿಯಲ್ಲೇ ಸೋರಿಹೋಗುವ ಸಾರ ಇಲ್ಲಿ ಉಳಿಯುತ್ತದೆ. ಮುಂಗಾರಿನ ಮೊದಲ ಹದಮಳೆಗೆ ಮಣ್ಣು ಉಬ್ಬಿ ಬಿರುಕು ಮುಚ್ಚಿದಾಗ ಗೊಬ್ಬರ ತಾನಾಗಿಯೇ ಒಳಗೆ ಸೇರಿರುತ್ತದೆ. ಸಾಗಾಟವಿಲ್ಲ, ಹರಡುವ ಕೂಲಿಯಿಲ್ಲ. ಪ್ರತಿ ರಾತ್ರಿ ಬಲೆಯನ್ನು ಒಂದಿಷ್ಟು ಸರಿಸಿ ಹೂಡುವುದರಿಂದ ಮೂರು ರಾತ್ರಿಯಲ್ಲಿ ಹೊಲದ ಮೂರು ತುಂಡು ತಯಾರು. ಗೋವಿನಜೋಳ, ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆಯುವವರು ಕುರಿ ನಿಲ್ಲಿಸಲು ಯಾಕೆ ಪೈಪೋಟಿಗೆ ಬೀಳುತ್ತಾರೆಂಬುದು ಆ ಹೊಲದಲ್ಲಿ ಬರುವ ವರ್ಷ ಬೆಳೆ ನೋಡಿದವರಿಗೆ ತಿಳಿಯುತ್ತದೆ.

ಕುರಿಯ ಕಥೆಯನ್ನು ಬರೆದವರು ಅನೇಕರಿದ್ದಾರೆ. ಕುದುರೆಯನ್ನು ಅವರು ಸಾಲಿನ ಕೊನೆಗೆ ಬಿಟ್ಟಿದ್ದಾರೆ. ಆದರೆ ಹಟ್ಟಿ ನಡೆಯುವುದು ಕುದುರೆಯಿಂದ. ಗಂಡಸರು ಹಿಂಡಿನ ಜೊತೆ ಮೇವಿರುವ ಕಡೆ ಸುತ್ತುಬಳಸಿ ಬರುತ್ತಾರೆ. ಹೆಂಗಸರು ಕುದುರೆ ಹೊಡೆದುಕೊಂಡು ನೇರ ದಾರಿಯಲ್ಲಿ ಮುಂದೆ ಬಂದು, ಜಾಗ ನೋಡಿ, ಒಲೆಗೆ ಕಲ್ಲು ಹೂಡಿ, ರೊಟ್ಟಿ ಬಡಿಯಲು ಕೂರುವ ಹೊತ್ತಿಗೆ ಹಿಂಡು ಬಂದು ಮುಟ್ಟುತ್ತದೆ. ಗಂಡಸರು ನಡೆಯುವ ದಾರಿಯನ್ನು ಮೇವು ಗೊತ್ತುಮಾಡಿದರೆ, ಹಟ್ಟಿ ಬೀಳುವ ಜಾಗವನ್ನು ಗೊತ್ತುಮಾಡುವುದು ಹೆಂಗಸರ ಕಣ್ಣು. ನೀರು ಎಷ್ಟು ದೂರ, ಮಳೆ ಬಂದರೆ ಎತ್ತರದ ಬದು ಯಾವ ಕಡೆ, ರಸ್ತೆಯ ಲಾರಿಗಳಿಂದ ಮಕ್ಕಳಿಗೆ ಅಪಾಯವಿದೆಯೇ ಎಂಬುದನ್ನೆಲ್ಲ ಅವರು ಹೇರು ಇಳಿಸುವ ಮೊದಲೇ ನೋಡಿಕೊಂಡಿರುತ್ತಾರೆ.

ಹೇರು ಕಟ್ಟುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಮೊದಲು ಕುದುರೆಯ ಬೆನ್ನಿಗೆ ಮಡಚಿದ ಗೋಣಿತಾಟು, ಅದರ ಮೇಲೆ ಹಳೆಯ ಕೌದಿ. ಕೌದಿಯಲ್ಲಿ ಒಂದು ನೆರಿಗೆ ಉಳಿದರೂ ಅದು ನಡೆದಂತೆಲ್ಲ ಚರ್ಮವನ್ನು ಉಜ್ಜುತ್ತದೆ. ಹಾಗಾಗಿ ಅಂಗೈಯಿಂದ ನೇವರಿಸಿ ನೆರಿಗೆ ತೆಗೆಯುತ್ತಾರೆ. ಆಮೇಲೆ ಎರಡು ಪಕ್ಕಕ್ಕೆ ಎರಡು ಚೀಲ. ಒಂದರಲ್ಲಿ ಜೋಳದ ಹಿಟ್ಟು, ಬೇಳೆ, ಹಿಂಡಿಯ ಡಬ್ಬಿ, ಇನ್ನೊಂದರಲ್ಲಿ ಪಾತ್ರೆಪಗಡ, ಬಟ್ಟೆ. ಎತ್ತಿ ನೋಡಿ, ಒಂದು ಕಡೆ ಹಗುರಾದರೆ ಅತ್ತಿಂದಿತ್ತ ಒಂದು ಪಾತ್ರೆ ಬದಲಿಸಿ ಸಮತೂಕ ಮಾಡುತ್ತಾರೆ. ಹೊಟ್ಟೆಯ ಕೆಳಗಿಂದ ಹಗ್ಗ ಬಿಗಿಯುವಾಗ ಕುದುರೆ ಉಸಿರು ತುಂಬಿಕೊಂಡು ಹೊಟ್ಟೆ ಉಬ್ಬಿಸುತ್ತದೆ. ಬಲ್ಲವಳು ಕಾಯುತ್ತಾಳೆ. ಅದು ಉಸಿರು ಬಿಟ್ಟ ಕೂಡಲೇ ಇನ್ನೊಂದು ಸುತ್ತು ಎಳೆದು ಗಂಟು ಹಾಕುತ್ತಾಳೆ. ಆ ಗಂಟು ದಿನವಿಡೀ ಬಿಚ್ಚಬಾರದು, ಸಂಜೆ ಒಂದೇ ಎಳೆತಕ್ಕೆ ಬಿಚ್ಚಬೇಕು. ಎಲ್ಲಕ್ಕೂ ಮೇಲೆ ಬಲೆ, ಗುಡಾರದ ಕೋಲು, ತಾಡಪಾಲು, ಕಡೆಗೆ ಮರಿ, ಕೋಳಿ, ಕೂಸು. ತೂಕ ತಪ್ಪಿ ಬೆನ್ನಿಗೆ ಹುಣ್ಣಾದ ಕುದುರೆ ವಾರಗಟ್ಟಲೆ ಹೇರಿಗೆ ಬಾರದು; ಅಷ್ಟು ದಿನ ಆ ಭಾರವನ್ನು ಹೆಂಗಸರೇ ತಲೆಯ ಮೇಲೆ ಹೊರಬೇಕಾಗುತ್ತದೆ.

ಈ ಕುದುರೆ ಎತ್ತರದ ಪ್ರಾಣಿಯಲ್ಲ. ಭುಜದ ಹತ್ತಿರ ಅಳೆದರೆ ನಾಲ್ಕೂವರೆ ಅಡಿಯೊಳಗೇ. ಗಟ್ಟಿ ಗೊರಸು, ಸಣ್ಣ ಕಾಲು, ಅಗಲ ಹೊಟ್ಟೆ. ಸಿಕ್ಕ ಹುಲ್ಲು ತಿಂದು, ಬಿಸಿಲು ತಾಳಿ, ದಿನಗಟ್ಟಲೆ ನಡೆಯಬಲ್ಲದು. ಗಡಿಯಾಚೆ ಮಹಾರಾಷ್ಟ್ರದ ಧನಗರರೂ ಇದೇ ಬಗೆಯ ಕುದುರೆಗಳ ಮೇಲೆ ಸಂಸಾರ ಹೇರಿಕೊಂಡು ನಡೆಯುತ್ತಾರೆ. ಅವರು ಸಾಕುವ ಭೀಮಥಡಿ ಕುದುರೆಯನ್ನು ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಈಚಿನ ವರ್ಷಗಳಲ್ಲಿ ಪ್ರತ್ಯೇಕ ದೇಶಿ ತಳಿಯೆಂದು ನೋಂದಾಯಿಸಿತು. ಭೀಮಾ ನದಿಯ ದಡದ ಈ ತಳಿ ಒಂದು ಕಾಲಕ್ಕೆ ಮರಾಠರ ದಂಡಿಗೆ ಹೆಸರಾಗಿತ್ತು. ದಂಡು ಕರಗಿ ಎರಡು ಶತಮಾನ ಕಳೆದ ಮೇಲೂ ತಳಿ ಉಳಿದಿದ್ದು ಕುರಿಗಾಹಿಗಳ ಕೈಯಲ್ಲಿ. ಕುದುರೆ ಕೊಳ್ಳಲು, ಮಾರಲು ನಾಂದೇಡ ಜಿಲ್ಲೆಯ ಮಾಳೆಗಾವ್ ಖಂಡೋಬಾ ಜಾತ್ರೆಯಂಥ ದೊಡ್ಡ ಸಂತೆಗಳು ಇಂದಿಗೂ ನಡೆಯುತ್ತವೆ. ಮೇಯುವುದರಲ್ಲೂ ಕುದುರೆ–ಕುರಿಗಳದು ಒಳ್ಳೆಯ ಹೊಂದಿಕೆ. ಕುರಿಯ ಹೊಟ್ಟೆಯಲ್ಲಿ ಬೆಳೆಯುವ ಜಂತುಗಳಲ್ಲಿ ಬಹುಪಾಲು ಕುದುರೆಯ ಹೊಟ್ಟೆಯಲ್ಲಿ ಬದುಕುವುದಿಲ್ಲ. ಒಂದೇ ಬಯಲಲ್ಲಿ ಎರಡೂ ಮೇಯ್ದರೆ ಜಂತುವಿನ ಕಾಟ ತಗ್ಗುತ್ತದೆ.

ಗದಗ ಸೀಮೆಯ ಚರಿತ್ರೆಯಲ್ಲಿ ಕುದುರೆಗೆ ಕೊರತೆಯಿಲ್ಲ. ಗದಗ ತಾಲ್ಲೂಕಿನ ಸೊರಟೂರಿನ ಬಯಲಲ್ಲಿ 12ನೆಯ ಶತಮಾನದ ಕೊನೆಗೆ ಹೊಯ್ಸಳ ಇಮ್ಮಡಿ ವೀರಬಲ್ಲಾಳನೂ ಸೇವುಣರ ಐದನೆಯ ಭಿಲ್ಲಮನೂ ಎದುರುಬದುರಾದರು. ಗೆದ್ದ ಬಲ್ಲಾಳ ಲಕ್ಕುಂಡಿಯಲ್ಲಿ ಬೀಡುಬಿಟ್ಟ. ಆ ಕಾಲದ ಶಾಸನಗಳಲ್ಲಿ ಅಶ್ವಸೇನೆಯ ವರ್ಣನೆಗೆ ಲೆಕ್ಕವಿಲ್ಲ, ಊರೂರ ವೀರಗಲ್ಲುಗಳಲ್ಲಿ ಕುದುರೆ ಏರಿದ ವೀರರ ಸಾಲುಗಳಿವೆ. ಬಲೆ, ಕೌದಿ, ಕೂಸು ಹೊತ್ತ ಬಡವರ ಕುದುರೆಯನ್ನು ಮಾತ್ರ ಯಾವ ಶಿಲ್ಪಿಯೂ ಕಡೆದಂತಿಲ್ಲ. ಯುದ್ಧದ ಕುದುರೆಗಳು ಬಂದು ಹೋದವು. ಹೇರಿನ ಕುದುರೆ ಈ ಮಣ್ಣಿನ ಮೇಲೆ ವರ್ಷ ವರ್ಷವೂ ನಡೆದಿದೆ. ನಾಡಿನ ಬದುಕಿಗೆ ಹೆಚ್ಚು ಕೊಟ್ಟದ್ದು ಈ ಎರಡನೆಯದು.

ರಾತ್ರಿ ಹಟ್ಟಿಯ ಅಚ್ಚುಕಟ್ಟು ನೋಡುವಂತಿರುತ್ತದೆ. ಕುರಿಗಳು ಬಲೆಯೊಳಗೆ, ಎಳೆಯ ಮರಿಗಳು ಗುಡಾರದ ಬಾಯಿಗೆ ಇಟ್ಟ ಬುಟ್ಟಿಯಡಿ. ಮುಂಗಾಲುಗಳನ್ನು ಸಡಿಲವಾಗಿ ಕಟ್ಟಿ ಬಿಟ್ಟ ಕುದುರೆಗಳು ಹಟ್ಟಿಯ ಸುತ್ತಲೇ ಚೋಟುದ್ದ ಹೆಜ್ಜೆಯಿಡುತ್ತ ಮೇಯುತ್ತವೆ. ಕುದುರೆಗೆ ದನದಂತೆ ಮೆಲುಕು ಹಾಕುವ ಹೊಟ್ಟೆ ಇಲ್ಲ. ಸ್ವಲ್ಪ ಸ್ವಲ್ಪವೇ ತಿನ್ನುತ್ತ ರಾತ್ರಿಯ ಬಹುಭಾಗವನ್ನು ಮೇವಿನಲ್ಲೇ ಕಳೆಯುತ್ತದೆ, ನಡುನಡುವೆ ನಿಂತಲ್ಲೇ ತೂಕಡಿಸುತ್ತದೆ. ಹಾಗಾಗಿ ಹಟ್ಟಿಯಲ್ಲಿ ಯಾವ ಹೊತ್ತಿಗೂ ಒಂದಲ್ಲ ಒಂದು ಕುದುರೆ ಎಚ್ಚರವಾಗಿರುತ್ತದೆ. ಅದರ ಎರಡೂ ಕಿವಿ ಒಂದೇ ದಿಕ್ಕಿಗೆ ತಿರುಗಿ ನೆಟ್ಟಗೆ ನಿಂತರೆ ನಾಯಿಗಳೂ ಏಳುತ್ತವೆ, ಕಂಬಳಿ ಹೊದ್ದು ಬಲೆಯ ಮಗ್ಗುಲಲ್ಲೇ ಮಲಗಿದ ಗಂಡಸರೂ ಏಳುತ್ತಾರೆ. ಬಂದದ್ದು ತೋಳವಿರಬಹುದು. ಈಚೆಗೆ ತೋಳಕ್ಕಿಂತ ಹೆಚ್ಚು ಹೆದರಿಕೆ ಕುರಿಗಳ್ಳರದು. ನಡುರಾತ್ರಿ ವಾಹನ ತಂದು ಕುರಿ ಎತ್ತಿಹಾಕಿಕೊಂಡು ಹೋಗುತ್ತಾರೆ. ತಡೆಯಲು ಹೋದವರು ಪೆಟ್ಟು ತಿಂದದ್ದೂ ಉಂಟು.

ಗದಗ ತಾಲ್ಲೂಕಿನ ಹೊಲಗಳಲ್ಲಿ ಗೊಬ್ಬರದ ಋಣ ತೀರಿಸಿದ ಹಟ್ಟಿಗಳು ತೆಂಕಣಕ್ಕೆ ಸರಿಯುತ್ತವೆ. ಮುಳಗುಂದ, ಶಿರಹಟ್ಟಿ, ಲಕ್ಷ್ಮೇಶ್ವರದ ದಾರಿ. ಎರೆ ತೆಳುವಾಗಿ ನಡುನಡುವೆ ಕೆಂಪು ಮಸಾರಿ ಕಾಣಿಸುತ್ತದೆ. ಶಿರಹಟ್ಟಿಯ ಫಕೀರೇಶ್ವರ ಮಠ, ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ, ದೂದಪೀರಾಂ ದರ್ಗಾ ಇವೆಲ್ಲ ಕುರಿಗಾಹಿಗಳಿಗೆ ದಾರಿಯ ಗುರುತುಗಳೂ ಹೌದು, ದೂರದಿಂದಲೇ ಕೈಮುಗಿಯುವ ತಾಣಗಳೂ ಹೌದು. ಊರೊಳಗಿನ ಸಂತೆಗೆ ಒಬ್ಬರೋ ಇಬ್ಬರೋ ಹೋಗಿ ಉಪ್ಪು, ಎಣ್ಣೆ, ಔಷಧಿ ತರುತ್ತಾರೆ. ಹಟ್ಟಿ ಊರ ಹೊರಗೇ ಇರುತ್ತದೆ.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಹತ್ತಿರ ಇನ್ನೊಂದು ವಲಸೆಯ ಬಳಗ ಸಿಗುತ್ತದೆ. ಮಂಗೋಲಿಯ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿ ಸಾವಿರಗಟ್ಟಲೆ ಇಳಿಯುತ್ತವೆ. ನವೆಂಬರಿನಿಂದ ಮಾರ್ಚ್‌ವರೆಗೆ ಅವುಗಳ ಬಿಡಾರ. ಹಗಲು ಕೆರೆಯ ನೀರಿನ ಮೇಲೆ, ಕತ್ತಲಾದರೆ ಸುತ್ತಲಿನ ಹೊಲಗಳಲ್ಲಿ ಮೇವು. 2024ರ ಜನವರಿಯಲ್ಲಿ ಮಾಗಡಿ ಕೆರೆ, ಜೌಗುನೆಲಗಳನ್ನು ಕಾಯುವ ಅಂತರರಾಷ್ಟ್ರೀಯ ಒಪ್ಪಂದದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಹೆಬ್ಬಾತುಗಳನ್ನು ನೋಡಲು ಕ್ಯಾಮೆರಾ ಹಿಡಿದು ಬರುವವರ ಕಾರುಗಳು ಕೆರೆಯ ದಂಡೆಯಲ್ಲಿ ನಿಲ್ಲುತ್ತವೆ. ಹತ್ತಿರದ ಹೊಲದಲ್ಲಿ ಬಲೆ ಕಟ್ಟಿಕೊಂಡು ಕುಳಿತ ಹಟ್ಟಿಯ ಕಡೆ ಅವರಲ್ಲಿ ಹೆಚ್ಚಿನವರು ತಿರುಗುವುದಿಲ್ಲ. ಎರಡು ಬಳಗಕ್ಕೂ ಬೇಕಾಗಿರುವುದು ಒಂದೇ ಬಗೆಯ ನೆಲ. ಸುಗ್ಗಿ ಮುಗಿದ ತೆರೆದ ಬಯಲು, ಬೇಲಿಯಿಲ್ಲದ ನೀರು, ಬೆದರಿಸದ ಜನ. ಹಕ್ಕಿಗೆ ಈ ಹಕ್ಕು ಒಪ್ಪಂದದ ಹಾಳೆಯಲ್ಲಿ ಬರೆದಾಗಿದೆ. ಕುರಿಗಾಹಿಗೆ ಅದು ಪ್ರತಿ ಸಂಜೆ ಹೊಸದಾಗಿ ಕೇಳಿ ಪಡೆಯಬೇಕಾದದ್ದು.

ಮುಂಡರಗಿಯ ಕಡೆ ತಿರುಗಿದರೆ ಎಡಕ್ಕೆ ಕಪ್ಪತಗುಡ್ಡದ ಸಾಲು ಹಬ್ಬುತ್ತದೆ. ಗದಗ, ಶಿರಹಟ್ಟಿ, ಮುಂಡರಗಿ ಮೂರೂ ತಾಲ್ಲೂಕಿಗೆ ಚಾಚಿದ ಈ ಗುಡ್ಡದ 244 ಚದರ ಕಿಲೋಮೀಟರನ್ನು 2019ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಗಣಿಯವರ ಕಣ್ಣು ಬಿದ್ದಿದ್ದ ಗುಡ್ಡ ಉಳಿದದ್ದು ಗದಗಿನ ಜನ ಬೀದಿಗಿಳಿದು ಹೋರಾಡಿದ್ದರಿಂದ. ಅದು ನಾಡಿನ ಹೆಮ್ಮೆ. ಧಾಮವಾದ ಮೇಲೆ ಗುಡ್ಡದ ಹುಲ್ಲಿಗೆ ಹಿಂಡು ಹತ್ತಿಸುವುದು ಮೊದಲಿನಷ್ಟು ಸಲೀಸಲ್ಲ. ಹಟ್ಟಿಗಳು ಬುಡದ ಹೊಲಗಳನ್ನೇ ನೆಚ್ಚುತ್ತವೆ. ತೋಳದ ಮಾತು ಇಲ್ಲಿ ಮತ್ತೆ ಬರುತ್ತದೆ. ಈ ಬಯಲುಸೀಮೆಯ ತೋಳ ಕಾಡುಪ್ರಾಣಿಗಿಂತ ಹೆಚ್ಚಾಗಿ ಕುರಿ, ಮೇಕೆಗಳನ್ನೇ ನಂಬಿ ಬದುಕಿದೆ. ಪಕ್ಕದ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ 2025ರಲ್ಲಿ ತೋಳಗಳಿಗೆಂದೇ ಒಂದು ಧಾಮವಾಯಿತು. ಅಲ್ಲಿಯವರೆಗೆ ಈ ಸೀಮೆಯ ತೋಳಗಳಿಗೆ ಆಹಾರ ಒದಗಿಸಿ, ಒಂದೆರಡು ಮರಿ ಕಳೆದುಕೊಂಡರೂ ‘ಅದರ ಪಾಲು ಅದಕ್ಕ ಹೋತು’ ಎಂದು ಸುಮ್ಮನಾದ ಕುರಿಗಾಹಿಗಳ ತಾಳ್ಮೆಗೆ ಯಾವ ಇಲಾಖೆಯ ಕಡತದಲ್ಲೂ ಬೆಲೆ ಕಟ್ಟಿಲ್ಲ.

ಗುಡ್ಡದ ಬಡಗಣ ತಪ್ಪಲಿನ ಡಂಬಳಕ್ಕೆ ದೊಡ್ಡಬಸಪ್ಪನ ಗುಡಿ ನೋಡಲು ಹೋಗುವವರು ಅಲ್ಲಿನ ಕೋಟೆಯ ಒಂದು ದಿನವನ್ನೂ ನೆನೆಯಬೇಕು. 1800ರ ಜುಲೈ 26ರಂದು ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಡಂಬಳದ ಕೋಟೆಯನ್ನು ಲಗ್ಗೆ ಹಾಕಿ ಹಿಡಿದ. ಬ್ರಿಟಿಷರ ವಿರುದ್ಧ ದಂಗೆಯೆದ್ದಿದ್ದ ಚನ್ನಗಿರಿಯ ಧೋಂಡಿಯ ವಾಘ್‌ನನ್ನು ಅಟ್ಟಿಸಿಕೊಂಡು ಬಂದ ದಂಡು ಅದು. ಅಲ್ಲಿಂದ ಮುಂದೆ ಮಲಪ್ರಭೆ ದಾಟಿ ಬೆನ್ನುಹತ್ತಿತು. ಸೆಪ್ಟೆಂಬರ್ 10ರಂದು ಕೋಣಗಲ್ ಎಂಬಲ್ಲಿ ರಾವುತರ ಒಂದೇ ನುಗ್ಗಿಗೆ ಧೋಂಡಿಯ ಸತ್ತ. ಹದಿನೈದು ವರ್ಷದ ತರುವಾಯ ವಾಟರ್ಲೂ ಕದನ ಗೆದ್ದ ಸೇನಾಪತಿ ಬಯಲುಸೀಮೆಯಲ್ಲಿ ಕುದುರೆ ಓಡಿಸುವುದನ್ನು ಕಲಿತ ಪಾಠಶಾಲೆಗಳಲ್ಲಿ ಇದೂ ಒಂದು. ಅವನ ದಂಡಿಗೆ ಧಾನ್ಯ ಹೊತ್ತು ತಂದವರು ಹೇರೆತ್ತಿನ ಲಂಬಾಣಿಗಳು. ಅವರ ಮಕ್ಕಳು ಮೊಮ್ಮಕ್ಕಳ ತಾಂಡಾಗಳು ಇಂದು ಗದಗ ಜಿಲ್ಲೆಯ ಉದ್ದಕ್ಕೂ ನೆಲೆ ನಿಂತಿವೆ. ರೈಲು, ರಸ್ತೆ ಬಂದು ಹೇರೆತ್ತಿನ ಸಾಲು ನಿಂತುಹೋಯಿತು. ಹೇರುಗುದುರೆಯ ಸಾಲು ನಿಲ್ಲದೆ ಉಳಿದದ್ದಕ್ಕೆ ಕಾರಣ ಸರಳ: ಅದು ಹೊರುತ್ತಿದ್ದದ್ದು ಮಾರಾಟದ ಸರಕನ್ನಲ್ಲ, ಮನೆಯನ್ನು.

ಮುಂಡರಗಿ ದಾಟಿದರೆ ತುಂಗಭದ್ರೆ. ಕೊರ್ಲಹಳ್ಳಿಯ ಸೇತುವೆಯ ಆಚೆ ಹೂವಿನಹಡಗಲಿ ತಾಲ್ಲೂಕು. ಭಾರತ ಹುಣ್ಣಿಮೆಯ ಹೊತ್ತಿಗೆ ಈ ಕಡೆಯ ದಾರಿಗಳೆಲ್ಲ ಮೈಲಾರದತ್ತ ಮುಖಮಾಡಿರುತ್ತವೆ. ಉಪವಾಸವಿದ್ದ ಗೊರವಪ್ಪ ಬಿಲ್ಲೇರಿ ನುಡಿಯುವ ಒಂದು ಸಾಲಿನ ಕಾರ್ಣಿಕ ಕೇಳಲು ಲಕ್ಷಗಟ್ಟಲೆ ಜನ ಸೇರುತ್ತಾರೆ. ಮಳೆ ಹೇಗೆ, ಬೆಳೆ ಹೇಗೆ ಎಂದು ರೈತರು ಆ ಸಾಲನ್ನು ಬಿಡಿಸಿ ನೋಡಿದರೆ, ಮೇವು ಹೇಗೆ ಎಂದು ಕುರಿಗಾಹಿಗಳು ಬಿಡಿಸಿ ನೋಡುತ್ತಾರೆ. ಮೈಲಾರಲಿಂಗ ಕುದುರೆ ಏರಿದ ದೇವರು. ಮಹಾರಾಷ್ಟ್ರದಲ್ಲಿ ಇವನೇ ಖಂಡೋಬ. ದಖ್ಖನಿನ ಪಶುಪಾಲಕರ ದೇವತೆಗಳನ್ನು ಬಹುಕಾಲ ಅಭ್ಯಾಸ ಮಾಡಿದ ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್, ಕುರುಬರು, ಧನಗರರು ನಡೆಯುವ ದಾರಿಗಳ ಮೇಲೆಯೇ ಬೀರಪ್ಪ, ಖಂಡೋಬರ ನೆಲೆಗಳೂ ಹಬ್ಬಿರುವುದನ್ನು ಎತ್ತಿ ತೋರಿಸಿದ. ಹಟ್ಟಿಯಲ್ಲೂ ದೇವರಿಗೊಂದು ಜಾಗವಿದೆ. ಭಂಡಾರದ ಚೀಲ ಯಾವ ಕುದುರೆಯ ಮೇಲೆ ಹೋಗುತ್ತದೆಂಬುದು ಗೊತ್ತಾಗಿರುತ್ತದೆ. ಅದರ ಮೇಲೆ ಎಂಜಲು ಪಾತ್ರೆ ಹೇರುವುದಿಲ್ಲ.

ಈ ದಾರಿಗಳು ಇಕ್ಕಟ್ಟಾಗುತ್ತಿವೆ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 1 ಕೋಟಿ 11 ಲಕ್ಷ ಕುರಿಗಳಿವೆ, ದೇಶದಲ್ಲಿ ಮೂರನೆಯ ಸ್ಥಾನ. ಹಿಂದಿನ ಗಣತಿಗಿಂತ ಹೆಚ್ಚಳ. ಅದೇ ಗಣತಿಯಲ್ಲಿ ದೇಶದ ಕುದುರೆಗಳು 3.4 ಲಕ್ಷಕ್ಕೆ ಇಳಿದವು. 2012ರಲ್ಲಿ 6 ಲಕ್ಷಕ್ಕೂ ಹೆಚ್ಚಿದ್ದವು. ಕುರಿ ಏರುತ್ತಿದೆ, ಕುದುರೆ ಇಳಿಯುತ್ತಿದೆ. ಹಲವು ಹಟ್ಟಿಗಳು ಸಣ್ಣ ಗೂಡ್ಸ್ ಗಾಡಿಗೆ ಸಂಸಾರ ಹೇರುತ್ತಿವೆ. ಒಂದೇ ತಾಸಿಗೆ ಐದು ದಿನದ ದಾರಿ ಮುಗಿಯುತ್ತದೆ, ಹೆಂಗಸರ ಕಾಲಿಗೆ ವಿಶ್ರಾಂತಿ. ಇದನ್ನು ಬೇಡವೆನ್ನುವ ಹಕ್ಕು ದೂರದಿಂದ ನೋಡುವವರಿಗಿಲ್ಲ. ಆದರೆ ಗಾಡಿ ರಸ್ತೆಯ ಅಂಚಿಗೆ ನಿಲ್ಲುತ್ತದೆ. ಬದುವಿನ ಮೇಲಿಂದ ಹೊಲದ ನಡುವಿಗೆ ಹೋಗಬಲ್ಲದ್ದು ಕುದುರೆ ಮಾತ್ರ. ಅಕಾಲದ ಒಂದು ಮಳೆ ಬಿದ್ದರೆ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಗಾಡಿಯನ್ನು ಅಲ್ಲೇ ಕಟ್ಟಿಹಾಕುತ್ತದೆ. ಎರೆಯ ಕೆಸರಿನಲ್ಲಿ ಒಂದು ರಾತ್ರಿ ಹೆಚ್ಚು ನಿಂತ ಹಿಂಡಿಗೆ ಗೊರಸು ಕೊಳೆಯುವ ಬೇನೆ ಹತ್ತುತ್ತದೆ. ಅಂಥ ರಾತ್ರಿ ಕುದುರೆ ಇದ್ದ ಹಟ್ಟಿ ಕತ್ತಲಲ್ಲೇ ಎದ್ದು ಮಸಾರಿ ದಿಬ್ಬಕ್ಕೆ ಹೋಗಿ ಸೇರಿರುತ್ತದೆ. ಎರಡನ್ನೂ ಇಟ್ಟುಕೊಂಡ ಜಾಣ ಕುಟುಂಬಗಳೂ ಇವೆ: ಗಾಡಿ ದೂರಕ್ಕೆ, ಕುದುರೆ ಹೊಲಕ್ಕೆ.

ಹೊಲವೂ ಮೊದಲಿನಂತಿಲ್ಲ. ಸಿಂಗಟಾಲೂರು ಏತ ನೀರಾವರಿಯ ನೀರು ಮುಟ್ಟಿದ ಕಡೆ, ಕೊಳವೆಬಾವಿ ಇಳಿದ ಕಡೆ, ಒಂದು ಬೆಳೆಯ ಹಿಂದೆಯೇ ಇನ್ನೊಂದು ಬೆಳೆ ಬರುತ್ತದೆ. ಬೀಳುಬಿಟ್ಟ ತಿಂಗಳುಗಳು ಕಿರಿದಾಗುತ್ತವೆ. ಕಳೆನಾಶಕ ಸಿಂಪಡಿಸಿದ ಬದುವಿನ ಹುಲ್ಲು ತಿಂದ ಕುರಿ ಸಾಲುಸಾಲಾಗಿ ಬೀಳುವ ಭಯ ಬೇರೆ. ಗಾಳಿಯಂತ್ರ, ಸೌರಫಲಕಗಳಿಗೆ ಬೇಲಿ ಬಿದ್ದಲ್ಲಿ ಹಳೆಯ ದಾರಿ ಸುತ್ತುದಾರಿಯಾಗುತ್ತದೆ. ಸರ್ಕಾರಿ ನಕಾಶೆಗಳಲ್ಲಿ ಕುರುಚಲು ಹುಲ್ಲುಗಾವಲನ್ನು ಬಂಜರು ಎಂದೇ ಗುರುತಿಸುವ ರೂಢಿ ಇದಕ್ಕೆಲ್ಲ ಬಾಗಿಲು ತೆರೆಯಿತು. ವರ್ಷದಲ್ಲಿ ಇಂತಿಷ್ಟು ತಿಂಗಳು ಇಷ್ಟು ಹಟ್ಟಿಗಳಿಗೆ ಅನ್ನ ಕೊಡುವ ನೆಲ ಬಂಜರಾಗುವುದು ಹೇಗೆ ಎಂದು ಕೇಳಿದರೆ ಕಂದಾಯದ ಪುಸ್ತಕದಲ್ಲಿ ಉತ್ತರವಿಲ್ಲ.

ಕೆಲವು ಬಾಗಿಲುಗಳು ತೆರೆದಿವೆ ಎಂಬುದನ್ನೂ ಹೇಳಬೇಕು. ಆಕಸ್ಮಿಕವಾಗಿ ಸತ್ತ ಕುರಿಗೆ ಪರಿಹಾರ ಕೊಡುವ ಅನುಗ್ರಹ ಯೋಜನೆ ರಾಜ್ಯದಲ್ಲಿದೆ. 2025ರಲ್ಲಿ ವಲಸೆ ಕುರಿಗಾಹಿಗಳ ಕಲ್ಯಾಣಕ್ಕೂ ಅವರ ಮೇಲಿನ ದೌರ್ಜನ್ಯದ ತಡೆಗೂ ಒಂದು ವಿಧೇಯಕವನ್ನು ವಿಧಾನಮಂಡಲ ಅಂಗೀಕರಿಸಿತು. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಸಾರಿದೆ. ಇದೆಲ್ಲ ಹಿರೇಹಂದಿಗೋಳದ ಹೊಲಕ್ಕೆ ಮುಟ್ಟಬೇಕಾದರೆ ದೊಡ್ಡ ಹಣವೇನೂ ಬೇಕಿಲ್ಲ. ಹಟ್ಟಿ ಬೀಳುವ ತಿಂಗಳುಗಳು ಪ್ರತಿ ಪಂಚಾಯ್ತಿಗೂ ಗೊತ್ತು. ದಾರಿಯಲ್ಲಿ ನಾಲ್ಕಾರು ಮೈಲಿಗೊಂದು ನೀರಿನ ತೊಟ್ಟಿ, ಹಿಂಡು ಬಂದ ವಾರದಲ್ಲಿ ಲಸಿಕೆ ಹಿಡಿದು ಬರುವ ಪಶುವೈದ್ಯರು, ಕುದುರೆಯ ಬೆನ್ನಿನ ಹುಣ್ಣಿಗೂ ಔಷಧಿ ಇರುವ ದವಾಖಾನೆ, ಹಟ್ಟಿಯ ಮಕ್ಕಳು ಯಾವ ಊರಲ್ಲಿದ್ದರೂ ಆ ಊರ ಶಾಲೆಯಲ್ಲಿ ಕೂರಲು ಅನುಮತಿ, ರಾತ್ರಿ ಫೋನ್ ಮಾಡಿದರೆ ಎತ್ತುವ ಪೊಲೀಸ್ ಠಾಣೆ. ಡಕೋಟಾದ ಶಿಬಿರತಾಣದಲ್ಲಿ ಬಾಡಿಗೆ ಕೊಟ್ಟವರಿಗೆ ನೀರು, ಕುದುರೆ ಕಟ್ಟಲು ಜಾಗ ಸಿಗುತ್ತವೆ. ಇಲ್ಲಿ ಗೊಬ್ಬರ ಕೊಟ್ಟವರು ಅಷ್ಟನ್ನೇ ಕೇಳುತ್ತಿದ್ದಾರೆ.

ಮೂರನೆಯ ರಾತ್ರಿ ಕಳೆದ ಬೆಳಿಗ್ಗೆ ರೈತ ಹೊಲಕ್ಕೆ ಬಂದು ಲೆಕ್ಕ ಮುಗಿಸುತ್ತಾನೆ. ಜೋಳದ ಚೀಲ ಕುದುರೆಯ ಬಲಮಗ್ಗುಲಿಗೆ ಏರುತ್ತದೆ. ಎಡಕ್ಕೆ ಅಷ್ಟೇ ತೂಕ ಬೇಕಲ್ಲ, ಮುದುಕಿ ನೀರಿನ ಕ್ಯಾನು ತುಂಬಿಸಿ ತರಲು ಮೊಮ್ಮಗನನ್ನು ಅಟ್ಟುತ್ತಾಳೆ. ರೈತ ಮೊಬೈಲ್ ತೆಗೆದು ಕುರಿಗಾಹಿಯ ನಂಬರು ಬರೆದುಕೊಂಡು ಹೇಳುತ್ತಾನೆ: “ಮುಂದಿನ ವರ್ಷ ಕಡ್ಲಿ ಕಿತ್ತ ಕೂಡ್ಲೇ ಫೋನ್ ಹಚ್ಚತೀನಿ. ಬ್ಯಾರೇದವರಿಗೆ ಮಾತು ಕೊಡಬ್ಯಾಡ್ರಿ.” ಕುರಿಗಾಹಿ ಮಾತು ಕೊಡುವ ಮೊದಲು ತಾಯಿಯ ಮುಖ ನೋಡುತ್ತಾನೆ. ಅವಳು ಹಗ್ಗದ ಕೊನೆಯ ಸುತ್ತು ಬಿಗಿಯುತ್ತ ಕೇಳುತ್ತಾಳೆ: “ಹೊಂಡದ ನೀರು ಬ್ಯಾಡ. ತೊಟ್ಟಿ ಕಟ್ಟಸ್ತೀಯೇನೋ ತಮ್ಮಾ?”